ಕೃತ್ತಿಕೆಯ ನೀಲಿ

ಒಂಟಿಕೊಪ್ಪಲಿನ ಆ ಮನೆಗೆ ಲಾಸ್ಯ ಸೊಸೆಯಾಗಿ ಬಂದು ಆರೇಳು ತಿಂಗಳಾಗಿತ್ತು. ಮಾತು ತಡವಾದ ಮಕ್ಕಳಿಗೆ ಮಾತು ಕಲಿಸುವುದು ಅವಳ ಕೆಲಸ. ನಗುಮುಖದ ಹುಡುಗಿ, ಮನೆಗೆಲಸಕ್ಕೂ ಚುರುಕು. ಅತ್ತೆ ಗಿರಿಜಾಂಬಾಗೆ ಅವಳ ಮೇಲೆ ದೂರು ಅಂತ ಒಂದೂ ಇರಲಿಲ್ಲ. ಇದ್ದದ್ದು ಒಂದು ಅನುಮಾನ ಮಾತ್ರ.

ದೀಪಾವಳಿ ಕಳೆದು ಚಳಿ ಬೀಳತೊಡಗಿದ ಮೇಲೆ ಹುಟ್ಟಿಕೊಂಡ ಅನುಮಾನ ಅದು. ಮಗ ವಿಶ್ವನಾಥ ನಂಜನಗೂಡಿನ ಫ್ಯಾಕ್ಟರಿಗೆ ರಾತ್ರಿ ಪಾಳಿಗೆ ಹೊರಟನೆಂದರೆ ಸಾಕು, ಲಾಸ್ಯ ಊಟ ಮುಗಿಸಿ, ಅಡುಗೆಮನೆ ಒರೆಸಿಟ್ಟು, ಸ್ವೆಟರ್ ತೊಟ್ಟು, ಒಂದು ದೊಡ್ಡ ಕಪ್ಪು ಚೀಲ ಹೊತ್ತುಕೊಂಡು ತಾರಸಿಗೆ ಹೋಗುತ್ತಿದ್ದಳು. ಇಳಿದು ಬರುವ ಹೊತ್ತಿಗೆ ಗಿರಿಜಾಂಬಾಗೆ ಒಂದು ನಿದ್ದೆ ಆಗಿರುತ್ತಿತ್ತು. ಬೆಳಿಗ್ಗೆ ನೋಡಿದರೆ ಹುಡುಗಿಯ ಕಣ್ಣು ಕೆಂಪು.

"ಏನ್ರೀ, ಆ ಹುಡುಗಿ ದಿನಾ ಮೇಲೆ ಹೋಗಿ ಏನ್ ಮಾಡ್ತಾಳೆ?" ಎಂದು ಗಂಡನನ್ನು ಕೇಳಿದರು.

ಸದಾಶಿವಯ್ಯನವರು ದೇವರಾಜ ಮಾರುಕಟ್ಟೆಯ ಹತ್ತಿರ ಗ್ರಂಧಿಗೆ ಅಂಗಡಿ ಇಟ್ಟುಕೊಂಡವರು. ದಿನವಿಡೀ ಊದುಬತ್ತಿ, ಅರಿಶಿನ, ಕರ್ಪೂರದ ನಡುವೆ ಕೂತು ಮನೆಗೆ ಬಂದರೆ ಅವರಿಗೆ ಯಾವುದೂ ಅಷ್ಟು ಗಾಬರಿಯ ಸಂಗತಿ ಅನ್ನಿಸುತ್ತಿರಲಿಲ್ಲ. "ತವರಿನ ನೆನಪಾಗಿರುತ್ತೆ. ಒಬ್ಬಳೇ ಕೂತು ಅಳ್ಬೇಕು ಅನ್ನಿಸಿರುತ್ತೆ. ಅಳ್ಲಿ ಬುಡು," ಅಂದರು.

"ಅಳೋಕೆ ಚೀಲ ಯಾಕ್ರೀ?"

"ಹಾಗಾದ್ರೆ ಹೋಗಿ ಕೇಳು," ಎಂದು ಮಗ್ಗುಲು ಬದಲಿಸಿದರು.

ಹೋಗಿ ಕೇಳುವುದು ಗಿರಿಜಾಂಬಾಗೆ ಸುಲಭವಿರಲಿಲ್ಲ. ಸೊಸೆಯ ಗುಟ್ಟಿಗೆ ಕೈಹಾಕುವ ಸಂಕೋಚ ಒಂದು ಕಡೆ. ಇನ್ನೊಂದು ಕಡೆ ತಾರಸಿಯ ಮೆಟ್ಟಿಲು. ಎರಡು ವರ್ಷದಿಂದ ಕತ್ತಲಾದ ಮೇಲೆ ಅವರು ಆ ಮೆಟ್ಟಿಲು ಹತ್ತಿರಲಿಲ್ಲ. ಸಂಜೆಯಾದರೆ ಮೆಟ್ಟಿಲುಗಳೆಲ್ಲ ಒಂದರೊಳಗೊಂದು ಕಲೆಸಿಹೋಗಿ ಇಳಿಜಾರಿನ ಹಾಗೆ ಕಾಣುತ್ತಿದ್ದವು. ಅದನ್ನು ಯಾರ ಹತ್ತಿರವೂ ಹೇಳಿರಲಿಲ್ಲ. ಕೇಳಿದವರಿಗೆ "ಮಂಡಿ ನೋವು" ಅನ್ನುತ್ತಿದ್ದರು.

ಕೊನೆಗೆ ಒಂದು ರಾತ್ರಿ ತಡೆಯಲಾರದೆ, ಗೋಡೆ ಹಿಡಿದುಕೊಂಡು, ಪಾದದಿಂದ ತಡವರಿಸುತ್ತ ಹತ್ತಿಯೇಬಿಟ್ಟರು. ತಾರಸಿಯ ಬಾಗಿಲು ದೂಡಿ ನೋಡುತ್ತಾರೆ: ಕಗ್ಗತ್ತಲಲ್ಲಿ ಆಳೆತ್ತರಕ್ಕೆ ಒಂದು ಕೆಂಪು ದೀಪ ತೇಲುತ್ತಿದೆ. ಅದು ತಮ್ಮ ಕಡೆಗೇ ತಿರುಗಿತು.

"ಅಯ್ಯೋ ಶಿವನೇ!" ಎಂದು ಕಿರುಚಿ ಕೈಗೆ ಸಿಕ್ಕ ಸ್ವಿಚ್ಚು ಒತ್ತಿದರು. ಟ್ಯೂಬ್‌ಲೈಟ್ ಫಳಕ್ಕನೆ ಹೊತ್ತಿಕೊಂಡಿತು.

"ಅತ್ತೆ, ಲೈಟು! ಲೈಟ್ ಆರ್ಸಿ ಅತ್ತೆ!" ಅಂತ ಇನ್ನೂ ಜೋರಾಗಿ ಕಿರುಚಿದ್ದು ಲಾಸ್ಯ.

ಹಣೆಗೆ ಕೆಂಪು ದೀಪದ ಪಟ್ಟಿ ಕಟ್ಟಿಕೊಂಡು ನಿಂತಿದ್ದಳು. ಪಕ್ಕದಲ್ಲಿ ಮೂರು ಕಾಲಿನ ಸ್ಟ್ಯಾಂಡು, ಅದರ ಮೇಲೆ ಪುಟ್ಟದೊಂದು ದೂರದರ್ಶಕ, ಅದರ ಹಿಂಬದಿಗೆ ಕ್ಯಾಮೆರಾ. ಸ್ಟೂಲಿನ ಮೇಲಿದ್ದ ಲ್ಯಾಪ್‌ಟಾಪಿಗೆ ಟವೆಲ್ ಹೊದಿಸಿತ್ತು. ಅಳುತ್ತಿದ್ದ ಲಕ್ಷಣವೇನೂ ಇರಲಿಲ್ಲ.

"ಫೋಟೋ ತೆಗೀತಿದ್ದೆ ಅತ್ತೆ," ಎಂದಳು, ಟ್ಯೂಬ್‌ಲೈಟ್ ಆರಿಸಿ.

"ಏನು, ಕತ್ತಲೇದಾ?"

ಲಾಸ್ಯಗೆ ನಗು ತಡೆಯಲಾಗಲಿಲ್ಲ. ಕುರ್ಚಿ ಎಳೆದು ಅತ್ತೆಯನ್ನು ಕೂರಿಸಿದಳು. "ಮಳೆಗಾಲ ಪೂರ್ತಿ ಚೀಲದಲ್ಲೇ ಇತ್ತು. ಈಗ ಆಕಾಶ ಬಿಟ್ಟಿದೆ ನೋಡಿ, ಅದಕ್ಕೇ. ಹೇಳ್ಬೇಕು ಹೇಳ್ಬೇಕು ಅಂತಾನೇ ಇದ್ದೆ. ಏನಂದ್ಕೋತೀರೋ ಅಂತ ಸುಮ್ನಾದೆ." ಆಮೇಲೆ ನೆತ್ತಿಯ ಮೇಲೆ ಕೈತೋರಿಸಿದಳು. "ಅಲ್ಲಿ ಕೃತ್ತಿಕೆ ಇದೆಯಲ್ಲ, ಆ ನಕ್ಷತ್ರಗಳ ಸುತ್ತ ಧೂಳು ಇದೆ ಅತ್ತೆ. ಮೋಡದ ಥರ. ಅದಕ್ಕೆ ಸ್ವಂತ ಬೆಳಕಿಲ್ಲ. ನಕ್ಷತ್ರಗಳ ಬೆಳಕು ಅದರ ಮೇಲೆ ಬಿದ್ದು ನೀಲಿಯಾಗಿ ಹೊಳೆಯುತ್ತೆ. ಬರಿಗಣ್ಣಿಗೆ ಕಾಣಲ್ಲ. ಕ್ಯಾಮೆರಾ ನಿಮಿಷಗಟ್ಟಲೆ ಕಣ್ಣು ಮುಚ್ಚದೆ ನೋಡಿದ್ರೆ ಒಂಚೂರು ಸಿಗುತ್ತೆ. ಅಂಥವು ನೂರಾರು ತೆಗೆದು ಒಂದರ ಮೇಲೊಂದು ಕೂಡಿಸ್ಬೇಕು."

"ಧೂಳಿನ ಫೋಟೋ ತೆಗೆಯೋಕೆ ಈ ಚಳೀಲಿ ಕೂತಿದ್ಯಾ? ನಮ್ಮನೆ ಷೋಕೇಸ್ ಮೇಲೆ ಬೇಕಾದಷ್ಟಿತ್ತಲ್ಲಮ್ಮ!"

ಇಬ್ಬರೂ ನಕ್ಕರು. ಗಿರಿಜಾಂಬಾ ಎದೆಯ ಮೇಲಿನ ಭಾರ ಇಳಿದಂತಾಗಿ ಆಕಾಶದತ್ತ ನೋಡಿದರು. ಚಿಕ್ಕಂದಿನಲ್ಲಿ ಅಂಗಳದಲ್ಲಿ ಮಲಗಿ ನೋಡಿದ ಕೃತ್ತಿಕೆ ಅವರಿಗೆ ಚೆನ್ನಾಗಿ ನೆನಪಿತ್ತು, ಬೆರಳ ತುದಿಯಲ್ಲಿ ಮುಚ್ಚಬಹುದಾದಷ್ಟು ಪುಟ್ಟ ಗೊಂಚಲು. ಈಗ ಸೊಸೆ ತೋರಿಸಿದ ಕಡೆ ಕಂಡದ್ದು ಮಜ್ಜಿಗೆ ಚೆಲ್ಲಿ ಒರೆಸಿದಂಥ ಮಸುಕು.

"ಕಾಣ್ತಾ ಅತ್ತೆ?"

"ಹೂಂ, ಕಾಣ್ತು."

ಲಾಸ್ಯ ಟವೆಲ್ ಸರಿಸಿ ಲ್ಯಾಪ್‌ಟಾಪಿನಲ್ಲಿ ಹಿಂದಿನ ರಾತ್ರಿಯ ಚಿತ್ರ ತೋರಿಸಿದಳು. "ಇನ್ನೂ ಅರೆಬರೆ. ಆದ್ರೂ ಈ ನೀಲಿ ನೋಡಿ, ರೇಷ್ಮೆ ಎಳೆ ಹಾಕಿದಂಗೆ!" ಗಿರಿಜಾಂಬಾ ಬಗ್ಗಿ ನೋಡಿದರು. ಬೂದಿ ಬಣ್ಣದ ಮೇಲೆ ಕೆಲವು ಬಿಳಿ ಚುಕ್ಕೆ. ಸೊಸೆ ಅವರ ಮುಖವನ್ನೇ ನೋಡುತ್ತ ಕಾಯುತ್ತಿದ್ದಳು. "ತುಂಬ ಚೆನ್ನಾಗಿದೆ ಕಣಮ್ಮ," ಅಂದುಬಿಟ್ಟರು.

"ಆ ಪ್ರಭುಸ್ವಾಮಿ ಅಂಕಲ್ ಮನೆ ಲೈಟ್ ಒಂದಿಲ್ದಿದ್ರೆ ಇನ್ನೂ ಚೆನ್ನಾಗಿ ಬರ್ತಿತ್ತು," ಎಂದಳು ಲಾಸ್ಯ. ಉತ್ತರಕ್ಕಿದ್ದ ಪಕ್ಕದ ಮನೆಯ ತಾರಸಿಯ ಮೇಲೆ ಹೊಸದಾಗಿ ಹಾಕಿಸಿದ್ದ ದೊಡ್ಡ ದೀಪ ಬೀದಿಗೆಲ್ಲ ಬೆಳಕು ಚೆಲ್ಲುತ್ತಿತ್ತು. "ನಮ್ಮೂರಲ್ಲಿ ಧ್ರುವ ನಕ್ಷತ್ರ ತುಂಬ ಕೆಳಗಿರುತ್ತೆ ಅತ್ತೆ, ಸರಿಯಾಗಿ ಆ ಲೈಟಿನ ಪಕ್ಕ. ಈ ಮೆಷೀನು ಆಕಾಶದ ಜೊತೆ ಹದವಾಗಿ ತಿರುಗ್ಬೇಕು ಅಂದ್ರೆ ಮೊದಲು ಧ್ರುವಕ್ಕೆ ಗುರಿ ಇಡ್ಬೇಕು. ದಿನಾ ಅದನ್ನ ಹುಡುಕೋದ್ರಲ್ಲೇ ಸಾಕಾಗೋಗುತ್ತೆ."

"ಆ ಲೈಟಾ? ನಂಗೂ ಅದನ್ನ ಕಂಡ್ರೆ ಆಗಲ್ಲ. ಸುತ್ತ ಬಳೆ ಬಳೆಯಾಗಿ ಬಿಡಿಸ್ಕೊಂಡು, ಮುಳ್ಳು ಮುಳ್ಳಾಗಿ ಕಣ್ಣಿಗೆ ಚುಚ್ಚುತ್ತೆ. ನಾಳೆ ನಾನೇ ಹೋಗಿ ಮಾತಾಡ್ತೀನಿ ಬುಡು."

ಲಾಸ್ಯ ಥಟ್ಟನೆ ತಿರುಗಿ ಅತ್ತೆಯ ಮುಖ ನೋಡಿದಳು. ಇಳಿಯುವಾಗ ತಾನಾಗಿಯೇ ಮುಂದೆ ಹೋಗಿ ಒಂದೊಂದು ಮೆಟ್ಟಿಲಿಗೂ ಕೈಕೊಟ್ಟಳು.

ಮರುದಿನ ಬೆಳಿಗ್ಗೆ ಗಿರಿಜಾಂಬಾ ಹಿತಕಿದವರೆ ಸಾರಿನ ಡಬ್ಬ ಹಿಡಿದು ಪಕ್ಕದ ಮನೆಗೆ ಹೋದರು. ಪ್ರಭುಸ್ವಾಮಿ ಅಬಕಾರಿ ಇಲಾಖೆಯಿಂದ ನಿವೃತ್ತರಾದವರು. ಡಬ್ಬದ ಮುಚ್ಚಳ ತೆಗೆದು ಮೂಸಿದ್ದೇ ನಕ್ಕರು. "ಬೆಳಿಗ್ಗೆ ಬೆಳಿಗ್ಗೇನೇ ಸಾರು ಬಂದ್ಬುಟ್ಟಿದೆ. ಏನೋ ಕೆಲಸ ಆಗ್ಬೇಕು ಅನ್ಸುತ್ತೆ ಗಿರಿಜಕ್ಕ."

"ರಾತ್ರಿ ಹೊತ್ತು ನಿಮ್ಮ ಟೆರೇಸ್ ಲೈಟು ಆರಿಸ್ಬೇಕು."

"ಅದೊಂದು ಬಿಟ್ಟು ಬೇರೆ ಕೇಳಿ. ಹೋದ ತಿಂಗಳು ಎರಡು ಗೊನೆ ಎಳನೀರು ಹೋಯ್ತು ಕಣ್ರೀ! ಅದಕ್ಕೇ ಹಾಕ್ಸಿರೋದು."

"ನಮ್ಮ ಸೊಸೆ ಅರ್ಧ ರಾತ್ರಿವರೆಗೂ ಟೆರೇಸ್ ಮೇಲೇ ಇರ್ತಾಳೆ. ನಿಮ್ಮ ಮರ ಅವಳ ಕಣ್ಣೆದುರಿಗೇ ಇದೆ. ಲೈಟಿದ್ರೆ ಕಳ್ಳನಿಗೆ ಕಾಯಿ ಕಾಣುತ್ತೆ, ಅಷ್ಟೇ. ಇವಳಿದ್ರೆ ಕಳ್ಳನ ಫೋಟೋನೇ ಕೈಗೆ ಸಿಗುತ್ತೆ."

ಪ್ರಭುಸ್ವಾಮಿ ಗಹಗಹಿಸಿ ನಕ್ಕು, ಅಬಕಾರಿ ಇಲಾಖೆಯಲ್ಲಿ ನಿಮ್ಮಂಥವರು ಇರಬೇಕಿತ್ತು ಎಂದು ಒಪ್ಪಿಕೊಂಡರು. ಗಿರಿಜಾಂಬಾ ಗೆದ್ದ ಖುಷಿಯಲ್ಲಿ ಏಳುವಷ್ಟರಲ್ಲಿ ಅವರ ಹೆಂಡತಿ ಚಂದ್ರಮತಿ ಒಳಗಿನಿಂದ ಒಂದು ಸೀರೆ ತಂದರು. ಸೀರೆಯ ಸೆರಗಿಗೆ ಕುಚ್ಚು ಕಟ್ಟುವುದರಲ್ಲಿ ಗಿರಿಜಾಂಬಾ ಇಡೀ ಬೀದಿಗೆ ಹೆಸರುವಾಸಿ.

"ಅಕ್ಕ, ಬೇಜಾರು ಮಾಡ್ಕೋಬೇಡಿ. ನೀಲಿ ಸೀರೆಗೆ ನೀಲಿ ಕುಚ್ಚೇ ಇರ್ಲಿ ಅಂದಿದ್ದೆ. ನೀವು ಹಸಿರು ಕಟ್ಬುಟ್ಟಿದ್ದೀರಿ."

ಗಿರಿಜಾಂಬಾ ಸೆರಗನ್ನು ಕಿಟಕಿಯ ಬೆಳಕಿಗೆ ಹಿಡಿದರು. ಯಾವುದು ನೀಲಿ, ಯಾವುದು ಹಸಿರು? ಎರಡೂ ಕಷಾಯದಲ್ಲಿ ಅದ್ದಿ ತೆಗೆದಂತಿದ್ದವು. "ಈಗ ಹಿಂಗೇ ಫ್ಯಾಷನ್ನು," ಅಂದರು. ಚಂದ್ರಮತಿ ನಂಬಿದರೋ ಇಲ್ಲವೋ, ಸೀರೆ ಮಡಿಸಿಟ್ಟರು. ಮನೆಗೆ ಬಂದವರೇ ಗಿರಿಜಾಂಬಾ ದಾರದ ಪೆಟ್ಟಿಗೆಯನ್ನು ಕಪಾಟಿನ ಹಿಂದಕ್ಕೆ ತಳ್ಳಿಬಿಟ್ಟರು.

ಆ ರಾತ್ರಿ ಪಕ್ಕದ ಮನೆಯ ದೀಪ ಆರಿತು. ಲಾಸ್ಯ ಮೊಣಕಾಲೂರಿ ಕೂತು ಧ್ರುವವನ್ನು ಒಂದೇ ಸಲಕ್ಕೆ ಹಿಡಿದಳು. ಶಾಲು ಹೊದ್ದು ಜೊತೆಗೆ ಕೂತಿದ್ದ ಅತ್ತೆಯ ಕಡೆ ತಿರುಗದೆಯೇ ಕೇಳಿದಳು.

"ಅತ್ತೆ, ಆ ಬೀದಿ ದೀಪದ ಸುತ್ತಲೂ ಬಳೆ ಕಾಣುತ್ತಾ?"

"ಎಲ್ಲ ದೀಪಕ್ಕೂ ಇರುತ್ತಲ್ಲಮ್ಮ."

"ನಂಗೆ ಕಾಣಲ್ಲ ಅತ್ತೆ."

ಗಿರಿಜಾಂಬಾ ಶಾಲನ್ನು ಇನ್ನಷ್ಟು ಬಿಗಿಯಾಗಿ ಎಳೆದುಕೊಂಡರು. ಕತ್ತಲಲ್ಲಿ ಮುಖ ಕಾಣದೆ ಇರುವುದರಿಂದ ಕೆಲವು ಮಾತು ಸಲೀಸಾಗಿ ಹೊರಡುತ್ತವೇನೋ. "ಪೊರೆ ಬಂದಿದೆ ಅಂತ ನಂಗೊತ್ತು ಕಣಮ್ಮ," ಎಂದರು. "ನಮ್ಮಮ್ಮಂಗೂ ಬಂದಿತ್ತು. ಆಗಿನ ಕಾಲದಲ್ಲಿ ಯಾವುದೋ ಶಿಬಿರಕ್ಕೆ ಕರ್ಕೊಂಡೋಗಿ ಆಪರೇಷನ್ ಮಾಡ್ಸಿದ್ರು. ಕೀವಾಗಿ ಆ ಕಣ್ಣೇ ಹೋಯ್ತು. ಆ ನೋವಿಗೆ ಅಮ್ಮ ಕೂಗ್ತಿದ್ದದ್ದು ಈಗ್ಲೂ ಕಿವೀಲಿದೆ. ಇವ್ರಿಗೆ ಹೇಳಿದ್ರೆ ನಾಳೇನೇ ಆಸ್ಪತ್ರೆ ಅಂತಾರೆ. ಅದಕ್ಕೇ ಮಂಡಿ ನೋವು ಅಂತ ಹೇಳ್ಕೊಂಡು ಕಾಲ ಹಾಕ್ತಿದ್ದೀನಿ."

ಈಗ ಕಾಲ ಬದಲಾಗಿದೆ, ಹೆದರಬೇಡಿ ಅಂತೆಲ್ಲ ಲಾಸ್ಯ ಬುದ್ಧಿ ಹೇಳುತ್ತಾಳೆಂದು ಗಿರಿಜಾಂಬಾ ಕಾದರು. ಅವಳು ಎದ್ದು ಬಂದು, ಅವರ ತಣ್ಣಗಾದ ಅಂಗೈಯನ್ನು ತನ್ನೆರಡು ಕೈಗಳ ನಡುವೆ ಇಟ್ಟುಕೊಂಡಳು, ಅಷ್ಟೇ. ಆಮೇಲೆ, "ಹಾಗಾದ್ರೆ ನಿನ್ನೆ ಫೋಟೋ ಚೆನ್ನಾಗಿದೆ ಅಂದಿದ್ದು ಸುಳ್ಳು!" ಎಂದಳು.

"ಶುದ್ಧ ಸುಳ್ಳು," ಎಂದರು ಗಿರಿಜಾಂಬಾ. ಇಬ್ಬರಿಗೂ ನಗು ಬಂತು.

"ನಿಮ್ಮನ್ನ ಯಾರೂ ಎಳ್ಕೊಂಡು ಹೋಗಲ್ಲ ಅತ್ತೆ, ನಿಮಗೆ ಅನ್ನಿಸಿದಾಗ ಹೋಗೋಣ. ಈ ಚಿತ್ರ ಮುಗಿಯೋಕೆ ಇನ್ನೂ ಎಷ್ಟೋ ರಾತ್ರಿ ಬೇಕು. ಮುಗಿದ ಮೇಲೆ ಮೊದಲು ನೋಡೋರು ನೀವೇ. ಅಲ್ಲೀವರೆಗೂ ಯಾರಿಗೂ ತೋರ್ಸಲ್ಲ, ವಿಶ್ವಂಗೂ ಇಲ್ಲ."

ಅಲ್ಲಿಂದಾಚೆ ಗಿರಿಜಾಂಬಾ ದಿನಾ ಸೊಸೆಯ ಜೊತೆ ತಾರಸಿಗೆ ಹೋಗತೊಡಗಿದರು. ಫ್ಲಾಸ್ಕಿನಲ್ಲಿ ಶುಂಠಿ ಕಾಫಿ, ತಲೆಗೆ ಗಂಡನ ಮಫ್ಲರು. ಇಬ್ಬನಿ ಬಿದ್ದು ದೂರದರ್ಶಕದ ಗಾಜು ಮಂಜಾದರೆ ಲಾಸ್ಯ ಕೂದಲು ಒಣಗಿಸುವ ಡ್ರೈಯರ್‌ನಿಂದ ಬಿಸಿಗಾಳಿ ಹಾಯಿಸುತ್ತಿದ್ದಳು. ಕೊನೆಗೆ ಅದೇ ಗಾಳಿಯನ್ನು ಒಂದಿಷ್ಟು ಅತ್ತೆಯ ಪಾದಕ್ಕೂ. ಕ್ಯಾಮೆರಾ ತನ್ನ ಪಾಡಿಗೆ ಕಣ್ಣು ಬಿಟ್ಟು ಕೂತಿರುವಾಗ ಇವರಿಬ್ಬರಿಗೆ ಮಾತಾಡುವುದು ಬಿಟ್ಟು ಬೇರೆ ಕೆಲಸವಿರಲಿಲ್ಲ. ಹಗಲು ಅಡುಗೆಮನೆಯಲ್ಲಿ ಬಾರದ ಮಾತುಗಳೆಲ್ಲ ಅಲ್ಲಿ ಬಂದವು. ಹಿಂದೆ ಲಾಸ್ಯಳನ್ನು ನೋಡಲು ಬಂದ ಗಂಡೊಂದರ ಮನೆಯವರು ರಾತ್ರಿ ಹೊತ್ತು ಹೊರಗೆ ಕೂರುವುದೆಲ್ಲ ಬಿಡಬೇಕು ಅಂದಿದ್ದರಂತೆ. ಹಾಗಾಗಿ ವಿಶ್ವನಾಥ ಹೆಣ್ಣು ನೋಡಲು ಹೋದಾಗ ಲಾಸ್ಯ ಕೇಳಿದ್ದು ಒಂದೇ ಪ್ರಶ್ನೆಯಂತೆ: "ನಿಮ್ಮನೆ ಟೆರೇಸಿಂದ ಆಕಾಶ ಎಷ್ಟು ಕಾಣುತ್ತೆ?"

"ಅದಕ್ಕೇನಂದ ನನ್ ಮಗ?"

"ಮನೆಗೆ ಹೋಗಿ, ಮೇಲೆ ಹತ್ತಿ, ನಾಲ್ಕೂ ದಿಕ್ಕಿನ ಫೋಟೋ ತೆಗೆದು ಕಳಿಸಿದ್ರು."

"ಅದಕ್ಕಾ ಆವತ್ತು ಅವನು ನೀರಿನ ಟ್ಯಾಂಕ್ ಮೇಲೆ ಹತ್ತಿದ್ದು! ಟ್ಯಾಂಕ್ ಸೋರ್ತಿದೆ ಅಂದಿದ್ದ ಕಳ್ಳ!"

ಹೀಗೆ ರಾತ್ರಿಗಳು ಕಳೆದವು. ಹುಣ್ಣಿಮೆಯ ಆಸುಪಾಸಿನಲ್ಲಿ ಬೆಳದಿಂಗಳಿಗೆ ಎಲ್ಲ ಮಾಸಿಹೋಗುತ್ತದೆಂದು ಬಿಡುವು ಕೊಟ್ಟು, ಮತ್ತೆ ಕತ್ತಲಾಗುತ್ತಲೇ ಶುರುಮಾಡಿದರು. ಒಂದು ರಾತ್ರಿ ಲಾಸ್ಯ ಅಷ್ಟೂ ಚಿತ್ರಗಳನ್ನು ಕೂಡಿಸಿ ಲ್ಯಾಪ್‌ಟಾಪಿನ ಮುಂದೆ ಬಗ್ಗಿ ಕೂತಿದ್ದಳು. ಇದ್ದಕ್ಕಿದ್ದಂತೆ ಅವಳ ಬಾಯಿಂದ ಒಂದು ನಗು ಹೊರಟಿತು. ಕಳೆದುಹೋದದ್ದು ಸಿಕ್ಕಿದಾಗ ಮಕ್ಕಳು ನಗುವ ನಗು ಅದು. ಅಕ್ಕಪಕ್ಕದ ಮನೆಯವರಿಗೆ ಕೇಳೀತೆಂದು ಕೈಯಿಂದ ಬಾಯಿ ಮುಚ್ಚಿಕೊಂಡರೂ ಬೆರಳ ಸಂದಿಯಿಂದ ಉಕ್ಕುತ್ತಿತ್ತು.

"ಬಂತಾ?"

"ಬಂತು ಅತ್ತೆ! ಬಂದ್ಬುಡ್ತು! ಎಷ್ಟು ನೀಲಿ ಅಂದ್ರೆ..." ಎಂದವಳು ಅಲ್ಲಿಗೇ ನಿಲ್ಲಿಸಿ ಪರದೆಯನ್ನು ಮಡಿಸಿಬಿಟ್ಟಳು. ಕೊಟ್ಟ ಮಾತು ನೆನಪಾಗಿತ್ತು.

ಗಿರಿಜಾಂಬಾ ಆ ರಾತ್ರಿ ನಿದ್ದೆ ಮಾಡಲಿಲ್ಲ. ಆ ನಗು ಕೇಳಿಸಿತ್ತು, ನಗಿಸಿದ್ದು ಏನೆಂದು ಮಾತ್ರ ತಮಗೆ ಕಂಡಿರಲಿಲ್ಲ. ತಾವು ನೋಡಲಿ ಎಂದು ಆ ಹುಡುಗಿ ಗಂಡನಿಗೂ ತೋರಿಸದೆ ಮುಚ್ಚಿಟ್ಟುಕೊಂಡು ಓಡಾಡುತ್ತಾಳೆ. ಎಷ್ಟು ದಿನ? ಅಮ್ಮನ ಕೂಗು ಕಿವಿಯಲ್ಲಿ ಇದ್ದೇ ಇತ್ತು. ಅದರ ಪಕ್ಕದಲ್ಲೇ ಈಗ ಈ ನಗುವೂ ಬಂದು ಕೂತಿತ್ತು.

ಬೆಳಿಗ್ಗೆ ಲಿಂಗಪೂಜೆ ಮುಗಿಸಿ, ಹಣೆಯ ವಿಭೂತಿ ಆರುವ ಮುಂಚೆಯೇ ಹಾಲಿಗೆ ಬಂದು, ಇಡ್ಲಿ ತಿನ್ನುತ್ತಿದ್ದ ಗಂಡ ಮಗನ ಮುಂದೆ ನಿಂತರು. "ನನ್ ಕಣ್ಣಿಗೆ ಪೊರೆ ಬಂದಿದೆ. ಆಪರೇಷನ್ ಮಾಡಿಸ್ಬೇಕು. ಯಾವತ್ತು ಹೋಗೋಣ?"

ಸದಾಶಿವಯ್ಯನವರ ಕೈಯಲ್ಲಿದ್ದ ಇಡ್ಲಿ ಚಟ್ನಿಯೊಳಗೆ ಬಿತ್ತು. "ಮತ್ತೆ ಮಂಡಿ?" ಎಂದರು.

"ಮಂಡಿ ಚೆನ್ನಾಗಿದೆ."

ಆಸ್ಪತ್ರೆಯಲ್ಲಿ ಗಿರಿಜಾಂಬಾ ಹೆದರಲಿಲ್ಲ ಅಂದರೆ ಸುಳ್ಳಾಗುತ್ತದೆ. ಹಸಿರು ಬಟ್ಟೆ ಹೊದಿಸಿ ಒಳಗೆ ಕರೆದೊಯ್ಯುವಾಗ ಸೊಸೆಯ ಬೆರಳನ್ನು ಎಷ್ಟು ಬಿಗಿಯಾಗಿ ಹಿಡಿದಿದ್ದರೆಂದರೆ ನರ್ಸ್ ಬಂದು ಬಿಡಿಸಬೇಕಾಯಿತು. ಆದರೆ ಎಡಗಣ್ಣಿನ ಆಪರೇಷನ್ ಅವರು ಪಂಚಾಕ್ಷರಿ ಜಪಿಸಿ ಮುಗಿಸುವಷ್ಟರಲ್ಲಿ ಮುಗಿದೇಹೋಗಿತ್ತು. "ಆಯ್ತಾ? ಇಷ್ಟೇನಾ?" ಎಂದು ಡಾಕ್ಟರನ್ನೇ ಗದರಿಸಿದಂತೆ ಕೇಳಿದರು. ಬಲಗಣ್ಣು ಮುಂದಿನ ತಿಂಗಳು ಎಂದು ಹೇಳಿ, ಕಣ್ಣಿಗೆ ಪಟ್ಟಿ ಕಟ್ಟಿ, ಮೇಲೆ ಕಪ್ಪು ಕನ್ನಡಕ ಹಾಕಿ ಮನೆಗೆ ಕಳಿಸಿದರು.

ಪಟ್ಟಿ ತೆಗೆದ ಮರುದಿನ ಬೆಳಿಗ್ಗೆ, ಒಲೆಯ ಹತ್ತಿರ ಹೋಗಬಾರದೆಂದಿದ್ದರೂ ಗಿರಿಜಾಂಬಾ ಅಡುಗೆಮನೆಯ ಬಾಗಿಲಲ್ಲಿ ಬಂದು ನಿಂತರು. ಲಾಸ್ಯ ಹಾಲಿಡಲು ಗ್ಯಾಸ್ ಹಚ್ಚಿದಳು.

"ಅಯ್ಯೋ, ಇದೇನೇ ಇದು!" ಎಂದು ಅತ್ತೆ ಚೀರಿದ್ದಕ್ಕೆ ಲಾಸ್ಯ ಗಾಬರಿಯಾಗಿ ಒಲೆ ಆರಿಸಿಬಿಟ್ಟಳು. "ಆರಿಸ್ಬೇಡ್ವೇ, ಹಚ್ಚು! ಇನ್ನೊಂದ್ಸಲ ಹಚ್ಚು! ಉರಿ ಇಷ್ಟು ನೀಲಿ ಇರುತ್ತಾ?"

ಆ ದಿನ ಮನೆಯಲ್ಲಿ ಯಾರಿಗೂ ಬೇರೆ ಕೆಲಸವಾಗಲಿಲ್ಲ. ಗಿರಿಜಾಂಬಾ ಒಂದು ಕಣ್ಣಿಗೆ ಅಂಗೈ ಅಡ್ಡ ಹಿಡಿದು, ಆಮೇಲೆ ಇನ್ನೊಂದಕ್ಕೆ ಹಿಡಿದು, ಮನೆಯ ವಸ್ತುಗಳನ್ನೆಲ್ಲ ನೋಡುತ್ತ ಬಂದರು. ಬಲಗಣ್ಣಿಗೆ ಎಲ್ಲವೂ ಹಳೇ ಕ್ಯಾಲೆಂಡರಿನಂತೆ ಹಳದಿ. ಎಡಗಣ್ಣಿಗೆ ಈಗ ತಾನೇ ತೊಳೆದಿಟ್ಟಂತೆ. ಗಂಡನ ಶರಟು ಬೂದು ಬಣ್ಣದ್ದಲ್ಲ, ತಿಳಿನೀಲಿ. ಬೀರು ತೆಗೆದು ಸೀರೆಗಳನ್ನೆಲ್ಲ ಮಂಚದ ಮೇಲೆ ಹರವಿ ಹೊಸದಾಗಿ ಪರಿಚಯ ಮಾಡಿಕೊಂಡರು. ಕಾಂಪೌಂಡಿನ ಬೇಲಿಯಲ್ಲಿದ್ದ ಶಂಖಪುಷ್ಪದ ಮುಂದೆ ಎಷ್ಟು ಹೊತ್ತು ನಿಂತರೆಂದರೆ ಹಾದುಹೋಗುತ್ತಿದ್ದ ಚಂದ್ರಮತಿ "ಏನ್ ಕಳ್ಕೊಂಡ್ರಿ ಅಕ್ಕ?" ಎಂದು ಕೇಳಿದರು.

ಸಂಜೆ ದೀಪ ಹಚ್ಚುವ ಹೊತ್ತು ಕಳೆದ ಮೇಲೆ ಲಾಸ್ಯ ಲ್ಯಾಪ್‌ಟಾಪನ್ನು ಹಾಲಿನ ಟಿವಿಗೆ ಜೋಡಿಸಿದಳು. ಸದಾಶಿವಯ್ಯ ಅಂಗಡಿ ಬೇಗ ಮುಚ್ಚಿ ಬಂದಿದ್ದರು. ವಿಶ್ವನಾಥ ರಜೆ ಹಾಕಿದ್ದ. "ತಿಂಗಳಿಂದ ಕಟ್ಕೊಂಡ ಹೆಂಡ್ತಿನೇ ನಂಗೆ ಫೋಟೋ ತೋರ್ಸಿಲ್ಲ," ಎಂದು ಅವನ ಗೊಣಗಾಟ. "ಎಲ್ರೂ ಕಣ್ಮುಚ್ಚಿ. ಅತ್ತೆ ಮೊದಲು ನೋಡ್ಬೇಕು," ಎಂದಳು ಲಾಸ್ಯ. ಅಪ್ಪ ಮಗ ನಿಜವಾಗಿಯೂ ಕಣ್ಣು ಮುಚ್ಚಿ ಕೂತರು.

ಟಿವಿಯ ಪರದೆ ಬೆಳಗಿತು.

ಗಿರಿಜಾಂಬಾ ಕಪ್ಪು ಕನ್ನಡಕ ತೆಗೆದರು. ಕಪ್ಪು ಆಕಾಶದಲ್ಲಿ ಕೃತ್ತಿಕೆಯ ನಕ್ಷತ್ರಗಳು ಒಂದೊಂದೂ ಬೇರೆ ಬೇರೆಯಾಗಿ, ಚೂಪಾಗಿ ಉರಿಯುತ್ತಿದ್ದವು. ಒಂದೊಂದರ ಸುತ್ತಲೂ ನೀಲಿ. ಬಾಚಿದ ಕೂದಲಿನಂತೆ ಎಳೆಎಳೆಯಾಗಿ ಒಂದೇ ಕಡೆಗೆ ಹರಿದ ನೀಲಿ, ಅಂಚಿಗೆ ಹೋದಂತೆ ತೆಳುವಾಗಿ, ಉಸಿರು ಬಿಟ್ಟರೆ ಚದುರಿಹೋಗುವುದೇನೋ ಅನ್ನುವಂಥದ್ದು. ಅವರು ಬಲಗಣ್ಣಿಂದ ನೋಡಿದರು. ಬೂದಿ. ಎಡಗಣ್ಣಿಂದ ನೋಡಿದರು. ನೀಲಿ! ಮತ್ತೆ ಬಲ, ಮತ್ತೆ ಎಡ. ಆಮೇಲೆ ಸೊಸೆಯನ್ನು ಎಳೆದು ಅಪ್ಪಿಕೊಂಡರು.

"ಅತ್ತೆ, ಅಳ್ಬಾರ್ದು ಅಂದಿದ್ದಾರೆ ಡಾಕ್ಟ್ರು," ಎಂದಳು ಲಾಸ್ಯ, ತಾನು ಅಳುತ್ತ.

"ನಾನೆಲ್ಲಿ ಅಳ್ತಿದ್ದೀನಿ? ಈಗ ಇದು ಶುದ್ಧ ನಿಜ ಕಣೇ. ತುಂಬ ಚೆನ್ನಾಗಿದೆ."

"ಈಗಲಾದ್ರೂ ನಾವು ಕಣ್ಣು ಬಿಡ್ಬಹುದಾ?" ಎಂದರು ಸದಾಶಿವಯ್ಯ. ಬಿಟ್ಟವರೇ ಕುರ್ಚಿಯನ್ನು ಪರದೆಯ ಹತ್ತಿರಕ್ಕೆ ಎಳೆದುಕೊಂಡರು. ವಿಶ್ವನಾಥನಂತೂ ಟಿವಿಯ ಮುಂದೆ ನೆಲದ ಮೇಲೆ ಕೂತುಬಿಟ್ಟ. ಸ್ವಲ್ಪ ಹೊತ್ತಿಗೆ ಪ್ರಭುಸ್ವಾಮಿ ದಂಪತಿಗಳನ್ನೂ ಕರೆಸಿದ್ದಾಯಿತು. ಪ್ರಭುಸ್ವಾಮಿ ಚಿತ್ರವನ್ನು ದಿಟ್ಟಿಸಿ, "ಇದರಲ್ಲಿ ನಮ್ಮ ಲೈಟಿನ ಪಾಲೂ ಇದೆ, ಮರೀಬೇಡಿ," ಎಂದರು.

ಎಲ್ಲರ ಗದ್ದಲದ ನಡುವೆ ಗಿರಿಜಾಂಬಾ ಪರದೆಯ ಹತ್ತಿರ ಹೋಗಿ ಅಂಚನ್ನು ಬೆರಳಲ್ಲಿ ತೋರಿಸಿದರು. "ಇದು ಇಲ್ಲಿಗೇ ಮುಗಿಯುತ್ತಾ? ಈ ಕಡೆಗೆ ಇನ್ನೇನಿದೆ?"

"ಇನ್ನೂ ತುಂಬ ಇದೆ ಅತ್ತೆ. ಇದಕ್ಕಿಂತ ಮಸುಕಾಗಿರೋದು. ಮಹಾವ್ಯಾಧ ಅನ್ನೋ ನಕ್ಷತ್ರಪುಂಜದ ಕಾಲಿನ ಹತ್ತಿರ ಒಂದಿದೆ, ಮುದುಕಿ ಮುಖದ ಥರ, ಉದ್ದ ಮೂಗು, ಉದ್ದ ಗದ್ದ. ಆದ್ರೆ ಅವು ನಮ್ಮ ಮೈಸೂರಿನ ಬೆಳಕಲ್ಲಿ ಸಿಗೋದು ಕಷ್ಟ. ಪೂರ್ತಿ ಕತ್ತಲಿರೋ ಜಾಗ ಬೇಕು."

"ಕತ್ತಲೆಗೇನು ಬರ? ಸರಗೂರಿನ ಹತ್ತಿರ ನಮ್ಮ ಸುಂದರೇಶನ ಹೊಲ ಇಲ್ವಾ?" ಸುಂದರೇಶ ಅವರ ಚಿಕ್ಕಪ್ಪನ ಮಗ. ಆಗಲೇ ಫೋನ್ ಕೈಗೆತ್ತಿಕೊಂಡಿದ್ದರು. "ಸುಂದರೇಶ, ನಾನು ಕಣೋ, ಗಿರಿಜಕ್ಕ. ನಿಮ್ಮ ಕಡೆ ರಾತ್ರಿ ಎಂಥಾ ಕತ್ತಲಿರುತ್ತೆ?... ಅಂಗೈ ಕಾಣದಷ್ಟಾ? ಭೇಷ್! ಅಮಾವಾಸ್ಯೆಗೆ ಬರ್ತೀವಿ. ಊಟಕ್ಕೆ ಏನೂ ಮಾಡಿಸ್ಬೇಡ, ಮನೆ ಮುಂದಿನ ಲೈಟ್ ಮಾತ್ರ ಹಾಕ್ಬೇಡ!"

ಅಮಾವಾಸ್ಯೆಯ ದಿನ ವಿಶ್ವನಾಥನ ಕಾರಿನಲ್ಲಿ ಎಲ್ಲರಿಗೂ ಜಾಗ ಸಾಲದೆ ಪ್ರಭುಸ್ವಾಮಿ ತಮ್ಮ ಕಾರನ್ನೂ ತೆಗೆದರು. ಡಾಕ್ಟರು ದೂರ ಹೋಗಲು ಒಪ್ಪಿಗೆ ಕೊಟ್ಟಿದ್ದರು; ಭಾರ ಎತ್ತಬಾರದೆಂದು ಮಾತ್ರ ಹೇಳಿದ್ದರು. ಹಾಗಾಗಿ ದೂರದರ್ಶಕ ಸದಾಶಿವಯ್ಯನವರ ತೊಡೆಯೇರಿತು. ದಾರಿಯುದ್ದಕ್ಕೂ ಅವರು ಒಂದೊಂದು ಗುಂಡಿಗೂ "ನಿಧಾನ ಕಣೋ, ನಿಧಾನ!" ಎಂದು ಮಗನನ್ನು ಗದರುತ್ತಲೇ ಇದ್ದರು.

ಹೊಲದಲ್ಲಿ ಇಳಿದಾಗ ಕತ್ತಲು ನಿಜಕ್ಕೂ ಅಂಗೈ ಕಾಣದಷ್ಟಿತ್ತು. ಆಮೇಲೆ ಒಬ್ಬೊಬ್ಬರಾಗಿ ತಲೆ ಎತ್ತಿದರು. ಲಾಸ್ಯ ಸ್ಟ್ಯಾಂಡು ನಿಲ್ಲಿಸಿ, ಧ್ರುವಕ್ಕೆ ಗುರಿಯಿಟ್ಟು, ಕೈ ಉಜ್ಜಿಕೊಳ್ಳುತ್ತ ಎದ್ದಳು. ಗಿರಿಜಾಂಬಾ ಒಂದೇ ಕಣ್ಣಲ್ಲಿ ಇಡೀ ಆಕಾಶ ಸುತ್ತಿ ಬಂದಿದ್ದರು. ಸೊಸೆಯ ಪಕ್ಕಕ್ಕೆ ಬಂದು, ಶಾಲಿನ ಒಂದು ತುದಿಯನ್ನು ಅವಳ ಹೆಗಲಿಗೂ ಹೊದಿಸಿದರು.

"ಎಲ್ಲಿಂದ ಶುರು ಮಾಡೋಣ ಹೇಳು," ಎಂದರು.